ಕಾಣೆಯಾದ ಹತ್ತು ಆಂಪಿಯರ್

ಮೀಟರ್ ಮಾವನನ್ನು ಮೊದಲ ಸಲ ಕಂಡಾಗ ವಿದ್ಯುತ್ ಕಚೇರಿಯ ತನಿಖಾಧಿಕಾರಿಯೇ ಬಂದರೆಂದು ಹೆದರಿಬಿಟ್ಟಿದ್ದೆ. ಕೈಯಲ್ಲಿ ಏಡಿಯ ಕೊಂಡಿಯಂತೆ ತಂತಿಯನ್ನು ಕಚ್ಚಿಕೊಳ್ಳುವ ಮೀಟರು, ಕಿವಿಯ ಮೇಲೆ ಸೀಮೆಸುಣ್ಣ, ಮುಖದಲ್ಲಿ ಹೆತ್ತವರನ್ನೂ ನಂಬದ ಗಾಂಭೀರ್ಯ. ನಾವು ಆ ಕಟ್ಟಡಕ್ಕೆ ಹೊಸಬರು. ಕರೆಂಟ್ ಒಲೆ ಇಡಕೂಡದೆಂದು ಅಲ್ಲಿನ ನಿವಾಸಿಗಳ ಸಂಘದ ಕಟ್ಟಪ್ಪಣೆ. ನನ್ನ ಹೆಂಡತಿ ಒಲೆಯನ್ನು ಎತ್ತಿ ಮಂಚದ ಮೇಲೆ ಮಲಗಿಸಿ ಕಂಬಳಿ ಹೊದಿಸಿಬಿಟ್ಟಳು.

“ಅದ್ಯಾರು ಮಲಗಿರೋದು?”

“ನಮ್ಮತ್ತೆ,” ಎಂದೆ. “ಹುಷಾರಿಲ್ಲ.”

“ನಿಮ್ಮತ್ತೆಗೆ ವೈರು ಇದೆಯಲ್ರೀ.”

ಕಂಬಳಿಯ ಅಂಚಿನಿಂದ ಪ್ಲಗ್ಗು ನೇತಾಡುತ್ತಿತ್ತು. ಮಾವ ಒಲೆಯನ್ನು ಎತ್ತಿ ನೆಲದ ಮೇಲಿಟ್ಟು, ಸ್ವಿಚ್ ಹಾಕಿ, ತಂತಿಗೆ ಮೀಟರು ಕಚ್ಚಿಸಿದರು. “ಇನ್ನೂರ ಮೂವತ್ತು ವೋಲ್ಟ್, ಐದು ಆಂಪಿಯರ್. ಗುಣಿಸಿದ್ರೆ ಸಾವಿರದ ನೂರೈವತ್ತು ವ್ಯಾಟ್, ಭಾಗಿಸಿದ್ರೆ ನಲವತ್ತಾರು ಓಮ್. ಗಾಬರಿಯಾಗ್ಬೇಡಿ, ಅತ್ತೆ ಗಟ್ಟಿಮುಟ್ಟಾಗಿದ್ದಾರೆ.” ಹೊರಗೆ ಹೋಗಿ ನಮ್ಮ ಬಾಗಿಲ ಮೇಲೆ ‘೧೧೫೦’ ಎಂದು ದಪ್ಪಕ್ಷರದಲ್ಲಿ ಬರೆದು ಪಕ್ಕದ ಮನೆಯ ಗಂಟೆ ಒತ್ತಿದರು.

ಅವರು ಅಧಿಕಾರಿಯಲ್ಲ, ಕೆಳಗಿನ ಮನೆಯವರು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆ, ಹೀಟರು, ಒಲೆಗಳನ್ನು ರಿಪೇರಿ ಮಾಡುತ್ತಿದ್ದರು. ಸಾಮಾನಿನ ಮೇಲಿನ ಲೇಬಲ್ಲನ್ನು ಅವರು ಓದುತ್ತಲೇ ಇರಲಿಲ್ಲ. “ಲೇಬಲ್ ಅನ್ನೋದು ಕಂಪನಿಯವನ ಆಸೆ,” ಎನ್ನುತ್ತಿದ್ದರು. ಹೆಂಡತಿ ರೇಗಿದರೆ, “ಇವತ್ತು ವೋಲ್ಟೇಜ್ ಜಾಸ್ತಿ, ತಡೆಯೋಕೆ ನನ್ನ ಓಮ್ ಸಾಲದು,” ಎಂದು ಬಾಗಿಲಿಗೆ ಒರಗಿ ನಿಲ್ಲುವರು. “ಅಲ್ಲಿ ನಿಂತು ಭಾಗಾಕಾರ ಮಾಡೋ ಬದಲು ಈರುಳ್ಳಿ ಹೆಚ್ಚಿಕೊಡಿ,” ಎಂದು ಆಕೆ ಒಳಗಿನಿಂದಲೇ ಗದರುವರು.

ಆ ದಿನಗಳಲ್ಲಿ ಮಾವನ ಕೋಣೆಗೇ ಕುತ್ತು ಬಂದಿತ್ತು. ಆರು ಮನೆಗೂ ಆ ಕೋಣೆಗೂ ಸೇರಿ ಒಂದೇ ಮೇನ್ ಫ್ಯೂಸು, ನಲವತ್ತು ಆಂಪಿಯರಿನದು. ಸಂಜೆಯಾದರೆ ಸಾಕು, ಅದು ಟಪ್ಪೆಂದು ಹೋಗುವುದು. ರಿಪೇರಿಯವರಿಂದಲೇ ಹೀಗೆಲ್ಲ ಎಂದು ಸಂಘದ ಅಧ್ಯಕ್ಷರು ತೀರ್ಮಾನಿಸಿದ್ದರು. ತಿಂಗಳೊಳಗೆ ಕಾರಣ ಸಿಗದಿದ್ದರೆ ಕೋಣೆ ಖಾಲಿ ಮಾಡಬೇಕು. ಕೋಣೆ ಹೋದರೆ ಮಾವನ ಹೊಟ್ಟೆಪಾಡೂ ಹೋದಂತೆ. ಅದಕ್ಕೇ ಈ ಮನೆಮನೆ ಅಳತೆ.

ಆದರೆ ಬಾಗಿಲ ಮೇಲಿನ ಅಂಕಿ ಜನರ ತಲೆ ಕೆಡಿಸಿತು. ಅಧ್ಯಕ್ಷರ ಮನೆಯದು ನಾಲ್ಕೇ ಆಂಪಿಯರ್, ಒಂಬೈನೂರ ಇಪ್ಪತ್ತು ವ್ಯಾಟ್. ಎದುರುಮನೆ ಟೈಲರ್ ಅಕ್ಕನದು ಸಾವಿರದ ಮುನ್ನೂರ ಎಂಬತ್ತು. ಅಧ್ಯಕ್ಷರಿಗೆ ಅನ್ನ ಇಳಿಯಲಿಲ್ಲ.

“ಇನ್ನೊಂದ್ಸಲ ಅಳೀರಿ ಮಾವ. ನಮ್ಮಂಥವರ ಮನೇಲಿ ಅಷ್ಟೇನಾ?”

“ನಾನು ಅಳೆಯೋದು ಕರೆಂಟು ಸ್ವಾಮಿ, ಮರ್ಯಾದೆ ಅಲ್ಲ.”

ಅಧ್ಯಕ್ಷರು ಫ್ಯಾನು, ಮಿಕ್ಸಿ, ಕೂದಲು ಒಣಗಿಸುವ ಯಂತ್ರ ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡಿ, ಏಳು ಆಂಪಿಯರಿಗೆ ಏರಿಸಿ, ೧೬೧೦ ಎಂದು ಬರೆಸಿಕೊಂಡ ಮೇಲೇ ಉಸಿರು ಬಿಟ್ಟಿದ್ದು. ಅವರಿಗೆ ಕೂದಲಿರಲಿಲ್ಲ ಎಂಬುದು ಬೇರೆ ಮಾತು.

ಅದನ್ನೂ ಸೇರಿಸಿ ಕೂಡಿದರೂ ಆರು ಮನೆಯ ಒಟ್ಟು ಮೂವತ್ತನಾಲ್ಕೇ ಆಂಪಿಯರ್. “ಫ್ಯೂಸು ಹೋಗೋಕೆ ನಲವತ್ತು ದಾಟ್ಬೇಕು. ಯಾರೋ ಕದ್ದುಮುಚ್ಚಿ ಏಳೆಂಟು, ಹತ್ತು ಆಂಪಿಯರ್ ಎಳೀತಿದ್ದಾರೆ,” ಎಂದು ಮಾವ ಸಾರಿದರು. ಎಲ್ಲರೂ ಎಲ್ಲರನ್ನೂ ಓರೆಗಣ್ಣಿನಿಂದ ನೋಡತೊಡಗಿದರು. ನಮ್ಮ ಮಂಚದ ಕೆಳಗೂ ಟಾರ್ಚು ಬಿಟ್ಟು ನೋಡಿದರು.

ಗಡುವಿನ ಸಂಜೆ ಎಲ್ಲರೂ ಮೆಟ್ಟಿಲ ಬಳಿ ಸೇರಿದೆವು. ಮಾವನ ಅಪ್ಪಣೆಯಂತೆ ಮನೆಮನೆಯಲ್ಲೂ ಇದ್ದಬದ್ದ ಸ್ವಿಚ್ಚುಗಳನ್ನೆಲ್ಲ ಹಾಕಿ ಬಂದಿದ್ದೆವು. ಫ್ಯೂಸು ಜಪ್ಪಯ್ಯ ಎನ್ನಲಿಲ್ಲ.

“ನೋಡಿದ್ರಾ? ಕಳ್ಳ ಇವತ್ತು ಹೆದರಿದ್ದಾನೆ,” ಎಂದು ಮಾವ ಎದೆಯುಬ್ಬಿಸಿದರು. “ಇರಿ, ಮೀಟರು ಸರಿಯಿದೆಯಾ ಅಂತ ನೋಡಿ ಬರ್ತೀನಿ.” ಕೋಣೆಯೊಳಗೆ ಹೋದರು. ಸ್ವಲ್ಪ ಹೊತ್ತಿಗೆ ಟಪ್!

ಕಟ್ಟಡವೆಲ್ಲ ಕತ್ತಲು. ಮಾವನ ಕೋಣೆಯಲ್ಲಿ ಮಾತ್ರ ಏನೋ ಒಂದು ಕೆಂಪಗೆ ಹೊಳೆಯುತ್ತ, ನೋಡನೋಡುತ್ತಿದ್ದಂತೆ ಮಂಕಾಗುತ್ತಿತ್ತು.

“ರೀ, ಅದೇನ್ರೀ ಅದು?” ಮಾವನ ಹೆಂಡತಿಯ ಧ್ವನಿ.

“ಅದಾ? ನಾನೇ ಸುತ್ತಿದ ಹೀಟರ್ ಕಾಯಿಲು. ಇಪ್ಪತ್ತಮೂರು ಓಮ್. ದಿನಾ ಸಂಜೆ ಅದನ್ನ ಹಾಕಿಟ್ಟೇ ಮೀಟರು ಸರಿಯಿದೆಯಾ ನೋಡೋದು.”

“ಅದು ಲೆಕ್ಕದಲ್ಲಿದೆಯಾ?”

“ಅದ್ಯಾಕೆ ಲೆಕ್ಕದಲ್ಲಿರುತ್ತೆ ಮಾರಾಯ್ತಿ! ಅದರಿಂದ ಅಳೀತೀವಿ, ಅದನ್ನೇ ಅಳೀತೀವಾ? ಇನ್ನೂರ ಮೂವತ್ತನ್ನ ಇಪ್ಪತ್ತಮೂರರಿಂದ ಭಾಗಿಸಿದ್ರೆ ಹತ್ತು ಬರ್ಬೇಕು. ಸರಿಯಾಗಿ ಹತ್ತೇ ಬರುತ್ತೆ, ಬೇಕಾದ್ರೆ…”

ಕತ್ತಲಲ್ಲಿ ಯಾರೋ ಕಿಸಕ್ಕೆಂದರು.

ಮಾವ ಕಾಯಿಲಿನ ಸ್ವಿಚ್ ಆರಿಸಿ ಹೊಸ ಫ್ಯೂಸು ತಂತಿ ಕಟ್ಟಿದರು. ದೀಪ ಬಂತು. ಯಾರೂ ಕೇಳುವ ಮೊದಲೇ ತಮ್ಮ ಕೋಣೆಯ ಬಾಗಿಲ ಮೇಲೆ ‘೨೩೦೦’ ಎಂದು ಬರೆದು, “ಕಳ್ಳ ನಾನೇ. ಖಾಲಿ ಮಾಡ್ತೀನಿ,” ಎಂದು ಇಕ್ಕಳಗಳನ್ನು ಚೀಲಕ್ಕೆ ತುಂಬತೊಡಗಿದರು.

“ಅಯ್ಯೋ, ನೀವು ಹೋದ್ರೆ ನನ್ನ ಇಸ್ತ್ರಿಪೆಟ್ಟಿಗೆ ಗತಿ?” ಎಂದು ಟೈಲರ್ ಅಕ್ಕ ಚೀಲ ಕಿತ್ತುಕೊಂಡರು. “ಹೋಗ್ಬೇಕಾದ್ದು ಆ ಕಾಯಿಲು, ನೀವಲ್ಲ.” ಎಲ್ಲರೂ ಹೌದೆಂದು ಗದ್ದಲವೆಬ್ಬಿಸಿದರು. ಕಾಯಿಲು ಹೋಗಲಿ, ಮಾವ ಇರಲಿ ಎಂದು ಅಧ್ಯಕ್ಷರೂ ತಲೆಯಾಡಿಸಿದರು. ಅವರ ಕಣ್ಣು ಮಾತ್ರ ೨೩೦೦ರ ಮೇಲೆಯೇ ನೆಟ್ಟಿತ್ತು.

ಉಳಿದವರೆಲ್ಲ ಮೆಟ್ಟಿಲೇರುವುದನ್ನೇ ಕಾದು, ಅಧ್ಯಕ್ಷರು ಮಾವನ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದರು: “ಹೇಗೂ ಬಿಸಾಕ್ತೀರಲ್ಲ… ಅದನ್ನ ನಮ್ಮನೇಲಿ ಹಾಕ್ಕೊಂಡ್ರೆ, ಇಡೀ ಬಿಲ್ಡಿಂಗಲ್ಲಿ ನಮ್ದೇ ಜಾಸ್ತಿ ಆಗುತ್ತಲ್ವಾ ಮಾವ?”

“ಆಗುತ್ತೆ,” ಎಂದರು ಮಾವ. “ಕತ್ತಲಲ್ಲಿ ಆ ಅಂಕಿ ಓದೋಕೆ ಮೇಣದಬತ್ತಿ ನೀವೇ ತನ್ನಿ.”