ಡ್ರೈವರಮ್ಮನ ನಿದ್ದೆಗೇಡು

ಕುವಾತಾ ಚಿಯೊಕೊ ಹತ್ತೊಂಬತ್ತು ವರ್ಷದಿಂದ ಕಡಲ ದಂಡೆಯ ಒಂದು ಊರಿನಲ್ಲಿ ಬಸ್ಸು ಓಡಿಸುತ್ತಿದ್ದಳು. ಗಂಡ ತೀರಿಕೊಂಡಾಗ ಮೂರೇ ದಿನ ರಜೆ ಹಾಕಿದ ಗಟ್ಟಿ ಹೆಂಗಸು. ಅಂಥವಳು ಈಗ ಬೆಳಗಿನ ಹಾಜರಿಗೆ ಹೆದರುತ್ತಿದ್ದಳು. ಡಿಪೋದಲ್ಲಿ ಬಸ್ಸಿನ ಕೀಲಿ ಕೊಡುವ ಮುನ್ನ ಮೇಜಿನ ಆಚೆ ಕೂತ ಮೇಲ್ವಿಚಾರಕ ತೊಕುಮಾರು ಮೊದಲು ಕುಡಿತ ಪತ್ತೆಯ ಯಂತ್ರಕ್ಕೆ ಉಸಿರು ಊದಿಸುತ್ತಾನೆ. ಆಮೇಲೆ ನಿದ್ದೆ ಆಯಿತೇ ಎಂದು ಕೇಳುತ್ತಾನೆ. ಇಲ್ಲ ಎಂದವರು ಆ ದಿನ ಬಸ್ಸು ಮುಟ್ಟುವಂತಿಲ್ಲ.

ಎರಡು ತಿಂಗಳಿಂದ ಅವಳು ಆಯ್ತು ಎಂದು ಸುಳ್ಳು ಹೇಳುತ್ತಿದ್ದಳು.

ಶುರುವಾದದ್ದು ಪಾಳಿ ಬದಲಾದಾಗ. ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು, ಮಧ್ಯಾಹ್ನ ಬಿಡುವು, ಸಂಜೆ ಮತ್ತೆ ಬಸ್ಸು. ಬಿಡುವಿನಲ್ಲಿ ಡಿಪೋದ ಕೋಣೆಯಲ್ಲಿ ಗೊರಕೆ, ಸಂಜೆಗೆ ಅಂಗಡಿಯ ತಯಾರು ಕಾಫಿ ಎರಡು ಡಬ್ಬಿ, ಹಾಸಿಗೆಯಲ್ಲಿ ಮುಖದ ಮುಂದೆ ಫೋನು. ಇಷ್ಟೆಲ್ಲ ಮಾಡಿ ಬಾ ಎಂದು ಕರೆದರೆ ನಿದ್ದೆ ಬರಲು ಅದೇನು ಸಾಕಿದ ನಾಯಿಯೇ? ಆಮೇಲೆ ಬುದ್ಧಿ ಬಂದು ಕಾಫಿ ಬಿಟ್ಟಳು, ಫೋನನ್ನು ಅಡುಗೆಮನೆಯಲ್ಲಿಟ್ಟಳು. ಅಷ್ಟರಲ್ಲಿ, ನಿದ್ದೆ ಬಾರದಿದ್ದರೆ ಏನು ಗತಿ ಎಂಬ ಭಯವೇ ಅವಳನ್ನು ಎಬ್ಬಿಸಿ ಕೂರಿಸತೊಡಗಿತ್ತು.

ಗುರುವಾರ ಕೊನೆಯ ನಿಲ್ದಾಣದಲ್ಲಿ ಇಳಿಯುತ್ತ ಒಬ್ಬ ಮುದುಕಿ ನಕ್ಕಳು.

"ಏನ್ ಡ್ರೈವರಮ್ಮ, ಇವತ್ತು ಮಾತೇ ಇಲ್ಲ? ಸುರಂಗದ ತಿರುವು ಬಂತು, ಗಟ್ಟಿ ಹಿಡ್ಕೊಳ್ಳಿ ಅಂತ ದಿನಾ ಹೇಳ್ತಿದ್ರಿ."

ಚಿಯೊಕೊಗೆ ಸುರಂಗ ದಾಟಿದ ನೆನಪೇ ಇರಲಿಲ್ಲ. ಸುರಂಗ ದಾಟುವಾಗ ಅವಳ ಬೆನ್ನ ಹಿಂದೆ ಹಳದಿ ಟೋಪಿಯ ಹನ್ನೊಂದು ಶಾಲೆ ಮಕ್ಕಳು ಕೂತಿದ್ದರು.

ಶುಕ್ರವಾರ ಹಾಜರಿಯಲ್ಲಿ ಹೇಳಿಬಿಟ್ಟಳು. "ನಿದ್ದೆ ಆಗಿಲ್ಲ. ಎರಡು ತಿಂಗಳಿಂದ ಸರಿಯಾಗಿ ಆಗಿಲ್ಲ."

ತೊಕುಮಾರು ಪೆನ್ನು ಎತ್ತಲಿಲ್ಲ. "ಕುವಾತಾ ಸಾನ್, ಬದಲಿಗೆ ಯಾರೂ ಇಲ್ಲ. ಇಬ್ಬರು ಜ್ವರ ಅಂತ ಮಲಗಿದ್ದಾರೆ. ಆಯ್ತು ಅಂತ ಬರ್ಕೋತೀನಿ. ನಾನೇನೂ ಕೇಳಿಸ್ಕೊಂಡಿಲ್ಲ."

"ಕೇಳಿಸ್ಕೊಳ್ಳಿ. ನಿನ್ನೆ ಸುರಂಗ ದಾಟಿದ್ದೇ ನಂಗೆ ಗೊತ್ತಿಲ್ಲ. ಬಸ್ಸಲ್ಲಿ ಮಕ್ಕಳಿದ್ರು."

ಆತ ಕುರ್ಚಿ ಸರಿಸಿ ಎದ್ದ. "ಹಾಗಾದ್ರೆ ನಾನೇ ಹೋಗ್ತೀನಿ. ಲೈಸೆನ್ಸ್ ಇದೆಯಲ್ಲ."

ಕೀಲಿಗೆ ಚಾಚಿದ ಅವನ ಕೈ ಗುರಿ ತಪ್ಪಿ ಪಕ್ಕದ ಪೆನ್ನಿನ ಮೇಲೆ ಬಿತ್ತು. ಕಣ್ಣು ಕೆಂಪಗಾಗಿತ್ತು. ವಾರವಿಡೀ ಎರಡೂ ಪಾಳಿ ಆ ಮೇಜಿನಲ್ಲಿ ಕೂತವನು ಇವನೊಬ್ಬನೇ ಎಂಬುದು ಚಿಯೊಕೊಗೆ ಆಗ ಹೊಳೆಯಿತು.

"ತೊಕುಮಾರು ಸಾನ್, ನಿಮಗೆ ನಿದ್ದೆ ಆಯ್ತಾ?"

ಅವನು ಕಣ್ಣುಜ್ಜಿಕೊಂಡು ಮತ್ತೆ ಕೀಲಿಗೆ ಕೈ ಚಾಚಿದ.

ಚಿಯೊಕೊ ಅವನಿಗಿಂತ ಮೊದಲು ಕೀಲಿ ಎತ್ತಿ ತನ್ನ ಜೇಬಿಗೆ ಹಾಕಿಕೊಂಡಳು. ಕೆಲಸ ಹೋಗಬಹುದೆಂಬ ಭಯವಿತ್ತು. ಆದರೂ ಮೇಜಿನ ಫೋನು ಎತ್ತಿ ಶಾಲೆಯ ಮುಖ್ಯೋಪಾಧ್ಯಾಯರ ಮನೆಗೆ ಹೇಳಿದಳು: "ಮಕ್ಕಳು ಬರೋ ಏಳೂವರೆ ಬಸ್ಸು ಇವತ್ತು ಬರಲ್ಲ. ಓಡಿಸೋಕೆ ನಮ್ಮಲ್ಲಿ ಎಚ್ಚರ ಇರೋರು ಯಾರೂ ಇಲ್ಲ."