ಬದುವಿನ ಮೇಲೆ ನಿಂತ ಪಾಲಯ್ಯ ಮೇಷ್ಟ್ರು

ಕಂಪ್ಲಿಯ ಅಕ್ಕಿ ಗಿರಣಿ ದೊಡ್ಡಬಸಪ್ಪನವರ ಮಗಳು ಕೊಟ್ರಬಸಮ್ಮನಿಗೆ ಸಿಟ್ಟು ಬಂದರೆ ಅವಳು ಕೂಗಾಡುತ್ತಿರಲಿಲ್ಲ. ತಣ್ಣಗೆ "ಆಗ್ಲಿ" ಅನ್ನುತ್ತಿದ್ದಳು. ಆ ಆಗ್ಲಿ ಬಿತ್ತೆಂದರೆ ಯಾರಿಗೋ ಕಾದಿದೆ ಅಂತ ಮನೆಯವರಿಗೆಲ್ಲ ಗೊತ್ತು. ಅವಳ ಪಿಎಚ್.ಡಿ. ಗೈಡ್ ಪಾಲಯ್ಯ ಮೇಷ್ಟ್ರಿಗೆ ಮಾತ್ರ ಗೊತ್ತಿರಲಿಲ್ಲ.

ಇದು ಎಂಬತ್ತರ ದಶಕದ ಮಾತು. ಕಾಲುವೆ ನೀರಿಗೆ ಕಂಪ್ಲಿ ಸುತ್ತ ಎರಡು ಬೆಳೆ ಬತ್ತ, ಗಿರಣಿಗೆ ಬಿಡುವೇ ಇಲ್ಲ. ಮಗಳು ಗಲ್ಲಾಪೆಟ್ಟಿಗೆ ಮುಂದೆ ಕೂರಲಿ, ಇಲ್ಲವೇ ಮದುವೆಯಾಗಲಿ ಎಂದು ಅಪ್ಪನ ಆಸೆ. ಅವಳೋ ನಾಟಿ ಹಾಡಿನ ಮೇಲೆ ಪಿಎಚ್.ಡಿ. ಮಾಡುತ್ತೇನೆಂದು ದೂರದ ವಿಶ್ವವಿದ್ಯಾಲಯ ಸೇರಿದಳು. ರಜೆ ಬಂತೆಂದರೆ ಸೀರೆ ಎತ್ತಿ ಕಟ್ಟಿ, ಎರ್ರೆಮ್ಮನ ನಾಟಿ ಗುಂಪಿನ ಜೊತೆ ಕೆಸರಿಗಿಳಿಯುವಳು. ಟೇಪ್ ರೆಕಾರ್ಡರು ಬದುವಿನ ಮೇಲೆ, ತಾನು ಸಸಿ ಹಿಡಿದು ಸಾಲಿನಲ್ಲಿ. ಮೊದಮೊದಲು ಅವಳ ಸಾಲು ಸೊಟ್ಟ ಹೋಗಿ, "ಗಿರಣಿ ಹುಡುಗಿ, ಅನ್ನ ಉಣ್ಣಾಕ ಬರ್ತದ, ಸಸಿ ನೆಡಾಕ ಬರಲ್ಲ ನೋಡು" ಎಂದು ಹೆಂಗಸರು ನಕ್ಕಿದ್ದರು. ಆಮೇಲೆ ಸಾಲೂ ನೆಟ್ಟಗಾಯಿತು, ಟೇಪುಗಳೂ ತುಂಬಿದವು.

ಆ ಟೇಪುಗಳನ್ನು ಪಾಲಯ್ಯ ಮೇಷ್ಟ್ರು "ಇಲಾಖೆ ಬೀರುವಿನಲ್ಲಿ ಭದ್ರವಾಗಿರ್ತಾವೆ" ಎಂದು ಇಸಿದುಕೊಂಡರು. ಮುಂದಿನ ವರ್ಷ ಒಂದು ಸಮ್ಮೇಳನದಲ್ಲಿ ಕೊಟ್ರಬಸಮ್ಮ ಕೊನೆಯ ಸಾಲಿನಲ್ಲಿ ಕೂತಿದ್ದಾಗ, ವೇದಿಕೆಯ ಮೇಲಿನ ಟೇಪಿನಿಂದ ಎರ್ರೆಮ್ಮನ ದನಿ ಕೇಳಿಬಂತು. ತುಂಗಭದ್ರೆಯ ದಡದಲ್ಲಿ ತಾವು ವರ್ಷಗಟ್ಟಲೆ ಅಲೆದು ಸಂಗ್ರಹಿಸಿದ ಹಾಡುಗಳಿವು ಎಂದು ಮೇಷ್ಟ್ರು ಹೇಳಿದರು. ಚಪ್ಪಾಳೆ ಬಿತ್ತು. ಹೊರಗೆ ಬಂದಾಗ ಅವಳು ಅಂದಳು, "ಸರ್, ಅವು ನನ್ನ ಟೇಪು."

"ಗೈಡಿನ ಹೆಸರು ಬಂದರೆ ನಿನ್ನ ಹೆಸರು ಬಂದ ಹಾಗೇ ಅಲ್ಲವೇನಮ್ಮ?" ಮೇಷ್ಟ್ರು ಹೆಗಲು ತಟ್ಟಿದರು. "ನಾಟಿ ಹಾಡು ಈಗ ಮುಗಿದ ವಿಷಯ. ನೀನು ಲಾಲಿ ಹಾಡು ತಗೋ. ಹೆಣ್ಣುಮಕ್ಕಳಿಗೆ ಒಪ್ಪುತ್ತೆ."

"ಆಗ್ಲಿ ಸರ್," ಅಂದಳು ಕೊಟ್ರಬಸಮ್ಮ.

ವರ್ಷ ತುಂಬುವುದರೊಳಗೆ ಹಂಪಿಯಲ್ಲಿ ವಿಚಾರ ಸಂಕಿರಣ, ಮೇಷ್ಟ್ರೇ ಸಂಚಾಲಕರು. ಬಂದ ವಿದ್ವಾಂಸರಿಗೆ ಗದ್ದೆಯಲ್ಲೇ ಹಾಡು ಕೇಳುವ ಆಸೆಯಾಯಿತು. ಮೇಷ್ಟ್ರು ಅವಳಿಗೆ ಹೇಳಿ ಕಳಿಸಿದರು: ಹೆಂಗಸರನ್ನು ಸೇರಿಸು, ನಾವು ವ್ಯಾನಿನಲ್ಲಿ ಬರುತ್ತೇವೆ.

ಅವರಿಗೆ ಒಂದು ವಿಷಯ ಗೊತ್ತಿರಲಿಲ್ಲ, ಯಾಕೆಂದರೆ ಅದು ಟೇಪಿನಲ್ಲಿರಲಿಲ್ಲ. ನಾಟಿ ನಡೆಯುವಾಗ ಕಾಲಿಗೆ ಕೆಸರು ತಾಗಿಸಿಕೊಳ್ಳದೆ ಬದುವಿನ ಮೇಲೆ ನಿಂತವರನ್ನು ಎರ್ರೆಮ್ಮನ ಗುಂಪು ಹೆಸರು ಹಿಡಿದು ಹಾಡುತ್ತದೆ. ಅವರ ಊಟ, ಉಡುಗೆ, ಮನೆಯ ಜಗಳ, ಎಲ್ಲವೂ ಹಾಡಿಗೆ ಬರುತ್ತದೆ. ಕೆಳಗಿಳಿದು ಒಂದು ಹಿಡಿ ಸಸಿ ನೆಡುವವರೆಗೆ ಬಿಡುವುದಿಲ್ಲ. ನೆಟ್ಟ ಮೇಲೆ ಎಲ್ಲರೂ ನಕ್ಕು ಮರೆಯಬೇಕು. ಕಾಲುವೆ ಇಂಜಿನಿಯರೂ ಇಳಿದಿದ್ದರು, ದೊಡ್ಡಬಸಪ್ಪನವರೂ ಇಳಿದಿದ್ದರು.

ಹಿಂದಿನ ದಿನ ಕೊಟ್ರಬಸಮ್ಮ ಎರ್ರೆಮ್ಮನ ಅಂಗಳದಲ್ಲಿ ಕೂತು ಮೇಷ್ಟ್ರ ಬಗ್ಗೆ ತನಗೆ ಗೊತ್ತಿದ್ದನ್ನೆಲ್ಲ ಸುರಿದಳು. ತಲೆಗೆ ಬಣ್ಣ, ಊಟಕ್ಕೆ ಮೂರು ಸಲ ತುಪ್ಪ, ಹೆಂಡತಿ ಫೋನು ಮಾಡಿದರೆ ಎದ್ದು ನಿಲ್ಲುವುದು.

"ಭಾಳ ಉರಿ ಐತಲ್ಲಲೇ ನಿನಗ," ಅಂದಳು ಎರ್ರೆಮ್ಮ.

"ಐತಿ. ಮೆತ್ತಗ ಹಾಡಬ್ಯಾಡ್ರಿ."

"ಮೆತ್ತಗ ಹಾಡಿ ಗೊತ್ತಿಲ್ಲ ನಮಗ."

ಮರುದಿನ ವ್ಯಾನು ಬಂತು. ಮೇಷ್ಟ್ರು ಹೊಳೆಯುವ ಬೂಟು ಹಾಕಿಕೊಂಡು ಬದುವಿನ ಎತ್ತರದ ಜಾಗ ಹುಡುಕಿ ನಿಂತರು. ಪಕ್ಕದಲ್ಲಿ ವಿಶ್ವವಿದ್ಯಾಲಯದ ಸಂಶೋಧನಾ ಸಮಿತಿಯ ಅಧ್ಯಕ್ಷರಾದ ತಾಯಪ್ಪನವರು, ಅವರು ಸಂಡೂರಿನ ಕಡೆಯವರೇ, ಇಲ್ಲಿನ ಮಾತು ಬಲ್ಲವರು. ಎರ್ರೆಮ್ಮ ಸಾಲು ಎತ್ತಿಕೊಟ್ಟಳು, ಉಳಿದವರು ಸೊಲ್ಲು ಹಿಡಿದರು:

"ಬದುವಿನ ಮ್ಯಾಲ ನಿಂತಾನ ಯಾರ?
ಬೂಟಿನ ಪಾಲಯ್ಯ ನಿಂತಾನ.
ತಲಿಗೆ ಬಣ್ಣ ಬಡದಾನ,
ಹುಬ್ಬಿಗಿ ಬಡಿಯಾದ ಮರತಾನ."

ತಾಯಪ್ಪನವರು ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ದೂರದಿಂದ ಬಂದಿದ್ದವರು ಮಾತ್ರ ಗಂಭೀರವಾಗಿ ರೆಕಾರ್ಡು ಮಾಡುತ್ತಿದ್ದರು. ಹಾಡಿನಲ್ಲಿ ತುಪ್ಪ ಬಂತು, ಫೋನು ಬಂತು. ಮೇಷ್ಟ್ರ ಕಿವಿ ಕೆಂಪಾಯಿತು. "ಸಾಕು ಅಂತ ಹೇಳಮ್ಮ ಇವರಿಗೆ," ಎಂದರು.

ಸಾಲಿನಲ್ಲಿ ಬಗ್ಗಿದ್ದ ಕೊಟ್ರಬಸಮ್ಮ ತಲೆ ಎತ್ತಲಿಲ್ಲ. "ಕೆಳಗ ಇಳೀಬೇಕು ಸರ್. ವರ್ಷಗಟ್ಟಲೆ ಅಲೆದವರಿಗೆ ಗೊತ್ತಿರ್ಬೇಕಲ್ಲ."

ಬೇರೆ ದಾರಿ ಇರಲಿಲ್ಲ. ಮೇಷ್ಟ್ರು ಬೂಟಿನ ಸಮೇತ ಇಳಿದರು. ಮೊಣಕಾಲವರೆಗೆ ಹೂತು, ಒಂದು ಹಿಡಿ ಸಸಿ ಅಡ್ಡಾದಿಡ್ಡಿ ಚುಚ್ಚಿದರು. ಎರ್ರೆಮ್ಮ ನಕ್ಕು ಹಾಡು ನಿಲ್ಲಿಸಿದಳು. ಅಲ್ಲಿಗೆ ಮುಗಿಯಬೇಕಿತ್ತು.

ಕೊಟ್ರಬಸಮ್ಮನಿಗೆ ಮುಗಿಯಲಿಲ್ಲ. ನೆಟ್ಟಗೆ ನಿಂತು ತಾನೇ ಎತ್ತಿದಳು:

"ಕೊಟ್ರಬಸಿ ತುಂಬಿದ ಟೇಪ ಕದ್ದಾನ,
ನನ್ನವು ನನ್ನವು ಅಂದಾನ."

ಯಾರೂ ಹಿಡಿಯಲಿಲ್ಲ. ಹೆಂಗಸರೆಲ್ಲ ಬಗ್ಗಿದಲ್ಲೇ ಬಗ್ಗಿದ್ದರು. ಅವಳ ಒಂಟಿ ದನಿ ನೀರಿನ ಮೇಲೆ ಹೋಗಿ ನಿಂತುಬಿಟ್ಟಿತು. ಅವಳು ಅದೇ ಸಾಲನ್ನು ಇನ್ನೊಮ್ಮೆ ಹಾಡಿದಳು.

ತಾಯಪ್ಪನವರ ನಗೆ ಹೋಗಿತ್ತು. "ಏನವ್ವ, ಟೇಪು ಮಾಡ್ಕೊಳ್ಳಾಕ ಇವ್ರು ಬಂದಿದ್ರೇನು?" ಎಂದು ಎರ್ರೆಮ್ಮನನ್ನು ಕೇಳಿದರು.

ಎರ್ರೆಮ್ಮ ಕೈಯ ಸಸಿ ಕೆಳಗಿಟ್ಟಳು. "ಇವ್ರನ್ನ ಇವತ್ತ ಮೊದಲ ನೋಡಿದ್ದುರಿ ನಾವು. ಬರ್ತಿದ್ದಾಕಿ ಈ ಹುಡುಗಿ."

ಮೇಷ್ಟ್ರು ಬದುವಿನ ಕಡೆ ತಿರುಗಿದರು. ಕಾಲು ಕೀಳಲು ಹೋಗಿ ಒಂದು ಬೂಟು ಕೆಸರಿನಲ್ಲೇ ಉಳಿಯಿತು. ಯಾರೂ ನಗಲಿಲ್ಲ.

ಆ ತಿಂಗಳೇ ಅವಳ ಗೈಡ್ ಬದಲಾದರು. ಬೀರುವಿನಿಂದ ಟೇಪುಗಳು ವಾಪಸ್ಸು ಬಂದವು, ವಿಷಯವೂ ಉಳಿಯಿತು. ಆ ದಿನ ವ್ಯಾನು ಹೋದ ಮೇಲೆ ಎರ್ರೆಮ್ಮ ಕಾಲುವೆಯಲ್ಲಿ ಕೈ ತೊಳೆಯುತ್ತ ಕೇಳಿದ್ದಳು, "ಇಳಿದವರನ್ನ ಮತ್ತ ಹಾಡಬಾರ್ದು. ಗೊತ್ತಿರಲಿಲ್ಲೇನು ನಿನಗ?"

"ಗೊತ್ತಿತ್ತು."

"ಮತ್ತ?"

"ಅವ್ರು ಗದ್ದಿಗೆ ಇಳಿದ್ರು ಅಷ್ಟ. ತಪ್ಪು ಒಪ್ಪಿದ್ರೇನು?"

ಎರ್ರೆಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಆಮೇಲೆ ಕೊಟ್ರಬಸಮ್ಮ ಎಷ್ಟು ಸಲ ನಾಟಿಗೆ ಹೋದರೂ ಅವಳಿಗೆ ಸಾಲಿನಲ್ಲಿ ಜಾಗ ಸಿಕ್ಕಿತು, ಬುತ್ತಿಯಲ್ಲಿ ಪಾಲು ಸಿಕ್ಕಿತು. ಆದರೆ ಅವಳು ಎತ್ತಿದ ಹಾಡನ್ನು ಆ ಗುಂಪಿನಲ್ಲಿ ಯಾರೂ ಹಿಡಿಯಲಿಲ್ಲ. ಪ್ರಬಂಧದಲ್ಲಿ ಬದುವಿನ ಹಾಡಿಗೆ ಉದಾಹರಣೆಯಾಗಿ ಅವಳು ಪಾಲಯ್ಯನ ಹಾಡನ್ನೇ ಹೆಸರು ಸಮೇತ ಕೊಟ್ಟಳು. ಹೊಸ ಗೈಡ್ ಹೆಸರು ತೆಗೆಯಲು ಹೇಳಿದರು. ತೆಗೆಯಲಿಲ್ಲ. ತನ್ನ ಎರಡು ಸಾಲನ್ನೂ ಕೊನೆಗೆ ಸೇರಿಸಿ, ಕೆಳಗೆ ಬರೆದಳು: ಇದಕ್ಕೆ ಸೊಲ್ಲು ಹಿಡಿದವರಿಲ್ಲ.