ಹಿರಿಯರ ಸಭೆಯಲ್ಲಿ ಮಾರ್ತಮ್ಮನ ಪ್ರಾರ್ಥನೆ

ಕಳೆದ ಶನಿವಾರ ನಮ್ಮ ಚರ್ಚಿನ ಹಿರಿಯರೆಲ್ಲ ಸಾಲಾಗಿ ಕೂತು, ಕಣ್ಣು ಮುಚ್ಚಿ, ತಲೆ ತಗ್ಗಿಸಿ, ತಮ್ಮನ್ನೇ ಬೈದ ಮಾತಿಗೆ ಗಟ್ಟಿಯಾಗಿ 'ಆಮೆನ್' ಅಂದರು. ನಾನು ಕಣ್ಣು ಮುಚ್ಚಿರಲಿಲ್ಲ. (ಕಾನ್ವೆಂಟಿನಲ್ಲಿ ಓದಿದವರು ಪ್ರಾರ್ಥನೆಯ ಹೊತ್ತಿನಲ್ಲಿ ಒಂದು ಕಣ್ಣು ತೆರೆದೇ ಇಟ್ಟಿರುತ್ತಾರೆ. ಸಿಸ್ಟರ್ ಎಲ್ಲಿದ್ದಾರೆಂದು ನೋಡಬೇಕಲ್ಲ!)

ನಿಮ್ಮಲ್ಲಿ ಅನೇಕರಿಗೆ ನಮ್ಮ ಪ್ರೆಸ್ಬಿಟೇರಿಯನ್ ಚರ್ಚಿನ ವೈಖರಿ ತಿಳಿದಿರಲಾರದು. ನಮಗೆ ಬಿಷಪ್ ಇಲ್ಲ. ಅದೇ ನಮ್ಮ ದೊಡ್ಡ ಹೆಮ್ಮೆ. ಪ್ರತಿ ಚರ್ಚಿನ ಪಾದ್ರಿ, ಜೊತೆಗೆ ಸಭೆಯವರು ಆರಿಸಿದ ಒಬ್ಬ ಎಲ್ಡರ್, ಇವರೆಲ್ಲ ಸೇರಿದರೆ ಪ್ರೆಸ್ಬಿಟರಿ. ಮದರಾಸಿನ ಸುತ್ತಮುತ್ತಲ ನಮ್ಮ ಚರ್ಚುಗಳೆಲ್ಲ ಅದು ಹೇಳಿದಂತೆ ಕೇಳಬೇಕು. ಅದರ ಅಧ್ಯಕ್ಷರಿಗೆ ಮಾಡರೇಟರ್ ಎಂದು ಹೆಸರು. 'ಪಾರ್ಲಿಮೆಂಟ್ ಮೊನ್ನೆ ಬಂದದ್ದು, ನಾವು ಎಂದಿನಿಂದಲೋ ಡೆಮಾಕ್ರಸಿ' ಎಂದು ನಮ್ಮವರು ಎದೆಯುಬ್ಬಿಸುತ್ತಾರೆ. ನಿಜವೇ. ಒಬ್ಬ ಬಿಷಪ್ ಇರಬೇಕಾದ ಕಡೆ ನಮ್ಮಲ್ಲಿ ಹಾಲ್ ತುಂಬ ಬಿಷಪ್ಪರು!

ಹೆಂಗಸರು? ಲಂಚ್ ಬಡಿಸಬಹುದು. ಆಮೇಲೆ ವಿಸಿಟರ್ಸ್ ಎಂದು ಹಿಂದೆ ಕೂರಬಹುದು. ಬಾಯಿ ತೆರೆಯುವಂತಿಲ್ಲ.

ಅಂದು ಬೆಳಗ್ಗೆಯೆಲ್ಲ ನಡೆದ ಘನ ಚರ್ಚೆ ಏನು ಗೊತ್ತೇ? ಹಿಂದಿನ ಸಭೆ ಮುಗಿದಿತ್ತೋ, ಇಲ್ಲಾ ಬರೀ ಮುಂದಕ್ಕೆ ಹೋಗಿತ್ತೋ ಎಂಬುದು. ನಮ್ಮ ವಿಷಯ ಬಂದದ್ದು ಲಂಚ್ ಆದಮೇಲೆ, ಎಲ್ಲರ ರೆಪ್ಪೆ ಭಾರವಾದಾಗ. ಭಾನುವಾರ ಸಂಜೆಯ ಕನ್ನಡ ಆರಾಧನೆಯನ್ನು ನಿಲ್ಲಿಸಿ, 'ಇನ್ ದಿ ಇಂಟರೆಸ್ಟ್ ಆಫ್ ಯೂನಿಟಿ', ನಮ್ಮನ್ನು ಬೆಳಗಿನ ತಮಿಳು ಆರಾಧನೆಗೆ ಸೇರಿಸಬೇಕಂತೆ.

ನಾವು ಅಂದರೆ ಯಾರು? ರೈಲ್ವೆ, ಬ್ಯಾಂಕು, ಇನ್ಶೂರೆನ್ಸಿನ ಕೆಲವು ಮನೆಯವರು. ಅಡ್ಯಾರಿನಿಂದ ಬಸ್ಸು ಹತ್ತಿ ಬರುವ ಈ ಮುದುಕಿ. ಮತ್ತೆ, ವಡಪಳನಿಯ ಮಾರ್ತಮ್ಮ. ಬೆಟಗೇರಿ ಕಡೆಯವಳು. ಸಿನಿಮಾ ಸ್ಟುಡಿಯೋದಲ್ಲಿ ರಾಜ ರಾಣಿಯರ ಉಡುಪು ಹೊಲಿಯುತ್ತಾಳೆ. ಗಂಡ ತೀರಿಕೊಂಡಿದ್ದಾನೆ.

"ನಿನಗೆ ತಮಿಳು ಬರುತ್ತಲ್ಲ, ಮಾರ್ತಮ್ಮ?" ಎಂದು ಕೇಳಿದ್ದೆ.

"ಬರತೈತ್ರಿ ಅಕ್ಕಾರ. ಜಗಳಾ ಮಾಡೂವಷ್ಟು ಬರತೈತಿ. ಪ್ರಾರ್ಥನಿ ಮಾಡೂವಷ್ಟು ಬರಂಗಿಲ್ರಿ."

ನಿಲ್ಲಿಸುವ ಪ್ರಸ್ತಾಪವನ್ನು ಅನುಮೋದಿಸಿದವರು ಯಾರು? ನಾವೇ ಆರಿಸಿ ಕಳಿಸಿದ ಎಲ್ಡರ್, ಆ ಇಡೀ ಪ್ರೆಸ್ಬಿಟರಿಗೆ ಒಬ್ಬನೇ ಕನ್ನಡದವ, ಇನ್ಶೂರೆನ್ಸ್ ಆಫೀಸಿನ ದೇವಪ್ರಸಾದ್! (ಯಾವುದೋ ಕಮಿಟಿಗೆ ಕನ್ವೀನರ್ ಬೇಕಾಗಿದೆಯಂತೆ. ಯಾಕೆಂದು ನೀವೇ ಊಹಿಸಿ.)

ಮಾರ್ತಮ್ಮ ಎದ್ದು ನಿಂತಳು. ತಕ್ಷಣ ಯಾರೋ, "ಪಾಯಿಂಟ್ ಆಫ್ ಆರ್ಡರ್!" ಅಂದರು.

"ಉಕ್ಕಾರುಂಗಮ್ಮಾ," ಅಂದರು ಮಾಡರೇಟರ್, ಬೆಕ್ಕಿನ ಮರಿಯನ್ನು ಕುರ್ಚಿಯಿಂದ ಇಳಿಸುವ ಹಾಗೆ. ಕೂತಳು.

ವೋಟಿಗೆ ಮೊದಲು ದೇವರ ಚಿತ್ತ ಕೇಳುವುದು ನಮ್ಮ ಪದ್ಧತಿ. ಆಗ ಆತ್ಮಪ್ರೇರಣೆಯಾದವರು ಯಾರು ಬೇಕಾದರೂ ಪ್ರಾರ್ಥಿಸಬಹುದು. ಹೆಂಗಸರೂ. ಪ್ರಾರ್ಥನೆಯನ್ನು ಯಾರೂ ತಡೆಯುವ ಹಾಗಿಲ್ಲ. ಎಲ್ಲರೂ ಕಣ್ಣು ಮುಚ್ಚಿದರು. ಮಾರ್ತಮ್ಮ ಮತ್ತೆ ಎದ್ದಳು.

"ತಂದೀ, ಇವರೆಲ್ಲಾ ಚಲೋ ಕೋಟು ಹಾಕ್ಕೊಂಡ ಬಂದಾರ. ನೀ ಇವರಿಗೆ ಕಿವಿ ಕೊಟ್ಟೀ, ಅದನ್ನ ಮನ್ಯಾಗ ಇಟ್ಟ ಬಂದಾರ. ನಮ್ಮ ಮನಿಯಾವ್ರು ಹೋದ ಮ್ಯಾಲೆ ನನ್ನ ಜೋಡಿ ಕನ್ನಡ ಮಾತಾಡೂ ಮಂದಿ ಇಲ್ಲ. ಸೊಸಿ ತಮಿಳು, ಮೊಮ್ಮಕ್ಕಳು ತಮಿಳು. ವಾರಕ್ಕ ಒಂದು ತಾಸು ನನ್ನ ಮಾತಿನ್ಯಾಗ ಅತ್ತ ಹಗುರಾಗಿ ಹೋಗ್ತೀನಿ. ಆ ಒಂದು ತಾಸಿನ ಮ್ಯಾಲೆ ಇವರ ಕಣ್ಣು ಬಿತ್ತು. ಇವರಿಗೆ ನಾಚಿಕಿ ಕೊಡು, ತಂದಿ. ಇವರ ಮನಸ್ಸು ತಿರಗಸು."

"ಆಮೆನ್!" ಎಂದಿತು ಸಭೆ. ದೇವಪ್ರಸಾದರ ದನಿಯೂ ಅದರಲ್ಲಿತ್ತು. ಕಿವಿ ಮಾತ್ರ ಕೆಂಪಗಾಗಿತ್ತು.

"ಎನ್ನ ಸೊನ್ನಾಂಗ?" ಎಂದು ಮಾಡರೇಟರ್ ದೇವಪ್ರಸಾದರ ಕಡೆ ತಿರುಗಿದರು. ಆಕೆ ಹೇಳಿದ್ದೇನು ಎಂದು ತಿಳಿಯಬೇಕಿತ್ತು, ಪಾಪ.

"ಶಿ ಥ್ಯಾಂಕ್ಡ್ ದಿ ಪ್ರೆಸ್ಬಿಟರಿ, ಸರ್," ಎಂದರು ದೇವಪ್ರಸಾದ್ ಅಪ್ಪಟ ಇಂಗ್ಲಿಷಿನಲ್ಲಿ. ನಮ್ಮ ಬಗ್ಗೆ ಅವರಿಗಿರುವ ಕಾಳಜಿಗೆ ಥ್ಯಾಂಕ್ಸ್ ಅಂತೆ!

"ವೆರಿ ಟಚಿಂಗ್," ಎಂದರು ಮಾಡರೇಟರ್.

ನನಗೆ ತಡೆಯಲಾಗಲಿಲ್ಲ. "ದಟ್ ಈಸ್ ಎ ಲೈ!" ಎಂದು ಎದ್ದೇ ಬಿಟ್ಟೆ. ಮತ್ತೆ ಪಾಯಿಂಟ್ ಆಫ್ ಆರ್ಡರ್. ಮತ್ತೆ ಉಕ್ಕಾರುಂಗಮ್ಮಾ. ತೀರ್ಮಾನಕ್ಕೆ ವಿರೋಧವಿದ್ದರೆ ಬರೆಸಬಹುದಂತೆ, ಮೇಲಿನ ಸಭೆಗೆ ಅಪೀಲೂ ಹೋಗಬಹುದಂತೆ. ಆದರೆ ಮೆಂಬರ್ ಆದವರು ಮಾತ್ರ. ನಮ್ಮ ಮೆಂಬರ್ ಯಾರು? ದೇವಪ್ರಸಾದ್!

ನಮ್ಮ ಕಾನ್ವೆಂಟಿನಲ್ಲಿ ಡೆಮಾಕ್ರಸಿ ಇರಲಿಲ್ಲ. ಮದರ್ ಸುಪೀರಿಯರ್ ಹುಬ್ಬು ಏರಿಸಿದರೆ ಅದೇ ಕಾನೂನು. ಆದರೆ 'ನೋ, ಚೈಲ್ಡ್' ಎನ್ನುವಾಗ ಆಕೆ ನಮ್ಮ ಮುಖ ನೋಡಿ ಹೇಳುತ್ತಿದ್ದಳು. ಆ ಹುಬ್ಬಿಗಾಗಿ ಈ ವಯಸ್ಸಿನಲ್ಲಿ ನಿಟ್ಟುಸಿರು ಬಿಡುತ್ತೇನೆಂದು ಯಾರಿಗೆ ಗೊತ್ತಿತ್ತು?

ವೋಟು ಕೇಳಿದರು. ಎಲ್ಲ ಕೈಗಳೂ ಮೇಲೆದ್ದವು. ಕ್ಯಾರೀಡ್, ಅಂದರೆ ಪ್ರಸ್ತಾಪ ಪಾಸ್.

ಗೇಟಿನ ಹೊರಗೆ ಮಾರ್ತಮ್ಮ ನನ್ನ ಎರಡೂ ಕೈ ಹಿಡಿದುಕೊಂಡಳು. ಅಷ್ಟು ಖುಷಿಯಲ್ಲಿ ಅವಳನ್ನು ನಾನು ನೋಡಿಯೇ ಇರಲಿಲ್ಲ.

"ದೇವರು ಎಷ್ಟ ಲಗೂ ಕೇಳಿದಾ ನೋಡ್ರಿ ಅಕ್ಕಾರ! ಒಬ್ಬರೂ ಬಿಡದಂಗ ಕೈ ಎತ್ತಿದ್ರು. ನಮ್ಮ ದೇವಪ್ರಸಾದ ಸಾಹೇಬ್ರಂತೂ ಎಲ್ಲಾರಕಿಂತ ಮದ್ಲ!"

ಒಳಗೆ ಚರ್ಚೆ, ವೋಟು ಎಲ್ಲ ನಡೆದದ್ದು ಇಂಗ್ಲಿಷಿನಲ್ಲಿ, ಅದು ಅವಳಿಗೆ ಬಾರದು. ಕೈಗಳು ಎದ್ದದ್ದು ತನ್ನ ಪರವಾಗಿ ಎಂದುಕೊಂಡಿದ್ದಳು.

ಹೇಳದೆ ಇರಲಾದೀತೇ? ಭಾನುವಾರ ಬಂದು ಬೀಗ ನೋಡಿ ತಿಳಿಯುವುದಕ್ಕಿಂತ ನನ್ನ ಬಾಯಿಂದಲೇ ಕೇಳಲಿ. ಬಸ್ ಸ್ಟಾಪಿನವರೆಗೆ ನಡೆಯುತ್ತ ಎಲ್ಲವನ್ನೂ ಹೇಳಿದೆ, ಆ 'ಥ್ಯಾಂಕ್ಸ್' ಕೂಡ. ಅವಳು ಅಳಲಿಲ್ಲ. ನನ್ನ ಕೈ ಬಿಟ್ಟಳು. ವಡಪಳನಿ ಬಸ್ಸು ಬಂದು ನಿಂತಾಗ, ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ಕೇಳಿದಳು:

"ಅಕ್ಕಾರ, ಆ ಸಭಾದಾಗ ದೇವರಿಗಾದ್ರೂ ಕೈ ಎತ್ತಾಕ ಬಿಡತಾರೇನ್ರಿ?"